ಹೆಚ್ಚು ಮೆತ್ತಿದರೆ ಗಟ್ಟಿಯೆ?

ಅಕ್ಕ ತಂಗಿಯರೇ, ಕುಕ್ಕರ್ ನಿಮಗೆಲ್ಲ ಗೊತ್ತು. ಅದರ ಮುಚ್ಚಳದಲ್ಲಿ ರಬ್ಬರಿನ ಬಳೆ ಇದೆ. ಅದೇ ಗ್ಯಾಸ್ಕೆಟ್. ಅದು ಸವೆದರೆ ಹಬೆ ಸೋರುತ್ತದೆ. ಅನ್ನ ಸರಿಯಾಗಿ ಬೇಯುವುದಿಲ್ಲ.

ಕಾರಿನ ಎಂಜಿನ್ನಿಗೂ ಗ್ಯಾಸ್ಕೆಟ್ ಇದೆ. ಗ್ಯಾರೇಜಿನವರು ಅದನ್ನು ಪ್ಯಾಕಿಂಗ್ ಎನ್ನುತ್ತಾರೆ. ಎಂಜಿನ್ ಒಂದೇ ತುಂಡಲ್ಲ. ಹಲವು ಭಾಗಗಳನ್ನು ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಭಾಗಗಳು ಸೇರುವ ಕಡೆ ಪ್ಯಾಕಿಂಗ್ ಇಡುತ್ತಾರೆ. ಆಗ ಆಯಿಲ್, ನೀರು ಸೋರುವುದಿಲ್ಲ. ಕೆಲವು ಕಡೆ ಪೇಸ್ಟನ್ನೂ ಹಚ್ಚುತ್ತಾರೆ.

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಮನೆಯವರು ಬಾಡಿಗೆ ಕಾರು ಓಡಿಸುತ್ತಾರೆ. ಒಮ್ಮೆ ಎಂಜಿನ್ನಿನ ಕೆಳಗೆ ಆಯಿಲ್ ತೊಟ್ಟಿಕ್ಕತೊಡಗಿತು. ಗ್ಯಾರೇಜಿಗೆ ಈ ಅಕ್ಕನೂ ಹೋಗಿದ್ದರು.

"ಇನ್ನೂ ಸ್ವಲ್ಪ ಪೇಸ್ಟ್ ಹಾಕಪ್ಪಾ, ಮತ್ತೆ ಸೋರಬಾರದು" ಎಂದು ಅವರೇ ಹೇಳಿದರು. ಹುಡುಗ ದಪ್ಪಗೆ ಮೆತ್ತಿದ. ಸೋರುವುದು ನಿಂತಿತು.

ಕೆಲವು ದಿನ ಕಳೆಯಿತು. ದಾರಿಯಲ್ಲಿ ಆಯಿಲಿನ ಕೆಂಪು ದೀಪ ಹತ್ತಿತು. "ಮನೆ ಹತ್ತಿರಾನೇ ಇದೆ" ಎಂದು ಗಾಡಿ ನಿಲ್ಲಿಸಲಿಲ್ಲ. ಎಂಜಿನ್ ಸೀಜ್ ಆಯಿತು. ದುಡಿಮೆ ನಿಂತಿತು. ರಿಪೇರಿಗೆ ಸಾಲ ಮಾಡಬೇಕಾಯಿತು.

ಯಾಕೆ ಹೀಗಾಯಿತು?

ಬೋಲ್ಟು ಬಿಗಿದಾಗ ಹೆಚ್ಚಾದ ಪೇಸ್ಟ್ ಎರಡೂ ಕಡೆ ಉಬ್ಬಿ ಬರುತ್ತದೆ. ಹೊರಗೆ ಬಂದದ್ದು ಕಾಣುತ್ತದೆ. ಒಳಗೆ ಹೋದದ್ದು ಕಾಣುವುದಿಲ್ಲ. ಅದು ತುಂಡಾಗಿ ಆಯಿಲಿಗೆ ಬೀಳುತ್ತದೆ. ಆಯಿಲ್ ಹೀರುವ ಕೊಳವೆಯ ಬಾಯಿಗೆ ಜರಡಿ ಇದೆ. ತುಂಡುಗಳು ಆ ಜರಡಿಯನ್ನು ಕಟ್ಟುತ್ತವೆ. ಆಯಿಲ್ ಮೇಲಕ್ಕೆ ಏರುವುದಿಲ್ಲ. ಆಯಿಲ್ ಇಲ್ಲದೆ ಲೋಹಕ್ಕೆ ಲೋಹ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. ಬಿರಿಯಾನಿ ಪಾತ್ರೆಯ ಬಾಯಿಗೆ ಹಿಟ್ಟು ಮೆತ್ತುತ್ತೇವಲ್ಲ? ಹಿಟ್ಟು ಹೆಚ್ಚಾದರೆ ಒಳಗೆ ಅನ್ನಕ್ಕೇ ಬೀಳುತ್ತದೆ. ಇದೂ ಹಾಗೆಯೇ.

ಪೇಸ್ಟ್ ಎಲ್ಲಿ ಬೇಕು, ಎಲ್ಲಿ ಬೇಡ?

ಎಂಜಿನ್ನಿನ ಮೇಲ್ಭಾಗಕ್ಕೆ ಹೆಡ್ ಎನ್ನುತ್ತಾರೆ. ಹೆಡ್ ಪ್ಯಾಕಿಂಗನ್ನು ಸಾಮಾನ್ಯವಾಗಿ ಒಣದಾಗಿಯೇ ಕೂರಿಸಬೇಕು. ರಬ್ಬರ್ ಪ್ಯಾಕಿಂಗಿಗೂ ಸಾಮಾನ್ಯವಾಗಿ ಪೇಸ್ಟ್ ಬೇಡ. ಕೆಲವು ಗಾಡಿಗಳಲ್ಲಿ ಮೂಲೆಗೆ ಮಾತ್ರ ಚೂರು ಹಚ್ಚುತ್ತಾರೆ. ಕೆಳಗಿನ ಆಯಿಲ್ ಚೇಂಬರಿಗೆ ಹಲವು ಕಾರುಗಳಲ್ಲಿ ಪ್ಯಾಕಿಂಗೇ ಇಲ್ಲ. ಅಲ್ಲಿ ಪೇಸ್ಟೇ ಪ್ಯಾಕಿಂಗ್. ಯಾವ ಗಾಡಿಗೆ ಹೇಗೆ ಎಂಬುದು ಕಂಪನಿಯ ರಿಪೇರಿ ಪುಸ್ತಕದಲ್ಲಿ ಇರುತ್ತದೆ.

ಹಚ್ಚುವ ಕ್ರಮ

1. ಹಳೆಯ ಪ್ಯಾಕಿಂಗ್, ಹಳೆಯ ಪೇಸ್ಟ್ ಪೂರ್ತಿ ತೆಗೆಯಬೇಕು. ಲೋಹಕ್ಕೆ ಗೀರು ಬೀಳಬಾರದು. ಆಯಿಲಿನ ಜಿಡ್ಡನ್ನು ಒರೆಸಬೇಕು. ಜಿಡ್ಡಿನ ಮೇಲೆ ಪೇಸ್ಟ್ ಹಿಡಿಯುವುದಿಲ್ಲ.

2. ಒಂದೇ ಎಳೆಯಾಗಿ, ನಡುವೆ ಕಡಿಯದಂತೆ ಹಚ್ಚಬೇಕು. ಸುಮಾರು 3 ಮಿಲಿಮೀಟರ್ ಸಾಕು. ಅಂದರೆ ಗೋಧಿ ಕಾಳಿನಷ್ಟು ದಪ್ಪ. ಎಳೆ ಬೋಲ್ಟಿನ ತೂತುಗಳ ಒಳಬದಿಯಲ್ಲಿ ಹೋಗಬೇಕು.

3. ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ, ಎಲ್ಲ ಕಡೆ ಸಮನಾಗಿ ಬಿಗಿಯಬೇಕು.

4. ಪೇಸ್ಟ್ ಒಣಗಲು ಸಮಯ ಕೊಡಬೇಕು. ಹಲವು ಪೇಸ್ಟುಗಳಿಗೆ ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು.

ನಾವು ಏನು ಮಾಡೋಣ?

ಗ್ಯಾರೇಜಿಗೆ ಹೋದಾಗ ಕೇಳೋಣ. "ಇಲ್ಲಿ ಪೇಸ್ಟ್ ಬೇಕಾ? ಹಳೇದು ಪೂರ್ತಿ ತೆಗೆದ್ರಾ? ಎಷ್ಟು ಹೊತ್ತು ಬಿಡಬೇಕು?" ಕೇಳಲು ನಾಚಿಕೆ ಬೇಡ. ಗಾಡಿ ನಮ್ಮದು, ದುಡ್ಡೂ ನಮ್ಮದು. ಪೇಸ್ಟಿನ ಟ್ಯೂಬ್ ಕೈಗೆ ತೆಗೆದುಕೊಂಡು ನೋಡೋಣ. ಬರಹ ಇಂಗ್ಲಿಷಿನಲ್ಲಿ ಇರಬಹುದು. ಆದರೆ ಅಂಕಿ ಓದಲು ಈಗ ನಮಗೆ ಬರುತ್ತದೆ. ಎಷ್ಟು ಗಂಟೆ, ಯಾವ ವರ್ಷದವರೆಗೆ ಬಳಸಬಹುದು ಎಂದು ಹುಡುಕೋಣ.

ಆಯಿಲಿನ ಕೆಂಪು ದೀಪ ಹತ್ತಿದರೆ ಗಾಡಿಯನ್ನು ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಇದನ್ನು ಮನೆಯವರಿಗೂ ಓದಿ ಹೇಳಿ.

ಆ ಅಕ್ಕ ಈಗ ಗ್ಯಾರೇಜಿನಲ್ಲಿ ಹೇಳುವ ಮಾತು ಬೇರೆ. "ಹೆಚ್ಚು ಬೇಡಪ್ಪಾ, ಎಷ್ಟು ಬೇಕೋ ಅಷ್ಟೇ ಹಚ್ಚು."