ಕರುಣರಸದಲ್ಲಿ ರೋಗಿಯ ಸ್ಥಾನ

ಕರುಣರಸಕ್ಕೆ ಶೋಕವು ಸ್ಥಾಯಿಭಾವ. ಗತಿಸಿದ ಇಷ್ಟಜನರು ಆಲಂಬನ. ಅವರಿಗಾಗಿ ಅಳುವವರು ಆಶ್ರಯ. ಈ ವ್ಯವಸ್ಥೆಯು ಅಲಂಕಾರಶಾಸ್ತ್ರವನ್ನು ಬಲ್ಲವರಿಗೆಲ್ಲ ವಿದಿತವಾದುದೇ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಹಾವು ಕಚ್ಚಿ ಮಡಿದ ಲೋಹಿತಾಶ್ವನು ಆಲಂಬನ, ಚಂದ್ರಮತಿಯು ಆಶ್ರಯ. ಅಲ್ಲಿ ವಾಚಕರಿಗುಂಟಾಗುವ ಸಂಕಟವೆಲ್ಲವೂ ತಾಯಿಯ ಬಾಯಿಂದ ಬಂದುದೇ ಹೊರತು ಬಾಲಕನ ಬಾಯಿಂದ ಬಂದುದಲ್ಲ. ಸಾಯತಕ್ಕವನು ತನ್ನ ಸಾವನ್ನು ಹೇಗೆ ತಿಳಿಯುತ್ತಾನೆ, ತಿಳಿದ ಮೇಲೆ ಉಳಿದ ದಿನಗಳನ್ನು ಹೇಗೆ ಕಳೆಯುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮ ಕಾವ್ಯಗಳು ಎತ್ತಿದುದು ವಿರಳ. ಆ ಪ್ರಶ್ನೆಯನ್ನೇ ಹಿಡಿದು ಹೊರಟ ಆಂಗ್ಲ ಕಾದಂಬರಿಯೊಂದನ್ನು ನಮ್ಮ ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಇಲ್ಲಿಯ ಉದ್ದೇಶ.

ಅಮೆರಿಕಾದೇಶದ ಜಾನ್ ಗ್ರೀನ್ ಎಂಬಾತನು 2012ರಲ್ಲಿ ಪ್ರಕಟಿಸಿದ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಎಂಬುದೇ ಆ ಗ್ರಂಥವು. ಅದರ ಕಥೆಯು 2014ರಲ್ಲಿ ಚಲನಚಿತ್ರವಾಗಿ, 2020ರಲ್ಲಿ ‘ದಿಲ್ ಬೇಚಾರಾ’ ಎಂಬ ಹೆಸರಿನಿಂದ ಹಿಂದಿಗೂ ಬಂದಿತು. ಹೇಜಲ್ ಎಂಬ 16 ವರುಷದ ಕನ್ಯೆಗೆ ಥೈರಾಯ್ಡ್ ಗ್ರಂಥಿಯಲ್ಲಿ ಹುಟ್ಟಿದ ಅರ್ಬುದರೋಗವು ಶ್ವಾಸಕೋಶಗಳಿಗೆ ವ್ಯಾಪಿಸಿದೆ. ಆಮ್ಲಜನಕದ ಪಾತ್ರೆಯನ್ನು ಎಳೆದುಕೊಂಡೇ ಅವಳು ನಡೆಯಬೇಕು. 17 ವರುಷದ ಅಗಸ್ಟಸನು ಮೂಳೆಯ ಅರ್ಬುದದಿಂದ ಒಂದು ಕಾಲನ್ನು ಕಳೆದುಕೊಂಡವನು. ರೋಗಿಗಳ ಗೋಷ್ಠಿಯೊಂದರಲ್ಲಿ ಇಬ್ಬರಿಗೂ ಪರಿಚಯವಾಗಿ, ಅದು ಅನುರಾಗಕ್ಕೆ ತಿರುಗುವುದು. ಹೇಜಲಳು ಮೆಚ್ಚಿದ ಗ್ರಂಥವೊಂದರ ಕರ್ತನನ್ನು ಕಾಣಲು ಆಮ್‌ಸ್ಟರ್‌ಡ್ಯಾಮ್ ನಗರಕ್ಕೆ ಹೋಗಿ, ಅವನ ನಡತೆಯಿಂದ ಹತಾಶರಾಗುವರು. ಕಡೆಗೆ, ಮೊದಲು ಸಾಯುವಳೆಂದು ಎಣಿಸಿದ್ದವಳು ಉಳಿದು, ಗುಣಹೊಂದಿದನೆಂದು ನಂಬಿದ್ದವನು ಮಡಿಯುವನು. ಕಥೆಯನ್ನು ಹೇಳುವವಳು ಹೇಜಲಳೇ. ಗ್ರಂಥವು 2010ರಲ್ಲಿ ಇದೇ ಬಗೆಯ ರೋಗದಿಂದ 16ನೆಯ ವಯಸ್ಸಿನಲ್ಲಿ ತೀರಿಕೊಂಡ ಎಸ್ತರ್ ಅರ್ಲ್ ಎಂಬವಳಿಗೆ ಅರ್ಪಿತವಾಗಿದೆ.

ಭರತನು 33 ವ್ಯಭಿಚಾರಿಭಾವಗಳಲ್ಲಿ ವ್ಯಾಧಿಯನ್ನೂ ಮರಣವನ್ನೂ ಸೇರಿಸಿರುವನು. 10 ಕಾಮಾವಸ್ಥೆಗಳಲ್ಲಿಯೂ 8ನೆಯದು ವ್ಯಾಧಿ, 10ನೆಯದು ಮರಣ. ಅಲ್ಲಿ ರತಿಯು ಕಾರಣ, ವ್ಯಾಧಿಯು ಕಾರ್ಯ. ತಾವರೆಯೆಲೆಯ ಹಾಸಿಗೆ, ಚಂದನದ ಲೇಪ, ಇವೇ ಅದರ ಚಿಕಿತ್ಸೆ. ಪ್ರಕೃತ ಕಥೆಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ವ್ಯಾಧಿಯು ಮೊದಲಿನದು, ರತಿಯು ಅನಂತರದ್ದು. ನಮ್ಮಲ್ಲಿ ಇದಕ್ಕೆ ಸಮೀಪವಾದುದು ಸಾವಿತ್ರಿಯ ಉಪಾಖ್ಯಾನ: ಒಂದೇ ವರುಷ ಆಯುಸ್ಸೆಂದು ನಾರದನಿಂದ ಕೇಳಿಯೂ ಅವಳು ಸತ್ಯವಂತನನ್ನೇ ವರಿಸಿದಳು. ಆದರೆ ಅಲ್ಲಿ ತಿಳಿದವಳು ಅವಳು, ಸಾಯತಕ್ಕವನು ಅರಿಯನು. ಕಾಡಿನಲ್ಲಿ ಕಟ್ಟಿಗೆ ಕಡಿಯುವಾಗ ತಲೆನೋವು ಬರುವವರೆಗೂ ಅವನು ಸುಖಿ. ಹೇಜಲಳಿಗೂ ಅಗಸ್ಟಸನಿಗೂ ಅಂತಹ ಅಜ್ಞಾನದ ಸೌಖ್ಯವಿಲ್ಲ.

ಇದು ಕರುಣವೋ ಕರುಣವಿಪ್ರಲಂಭವೋ ಎಂಬ ಶಂಕೆಗೆ ವಿಶ್ವನಾಥನ ಸಾಹಿತ್ಯದರ್ಪಣದಲ್ಲಿ ಉತ್ತರವುಂಟು. ಪ್ರೇಮಿಗಳಲ್ಲೊಬ್ಬರು ಲೋಕಾಂತರಕ್ಕೆ ಹೋಗಿ ಮರಳಿ ಲಭಿಸುವರೆಂಬ ಆಸೆಯಿದ್ದರೆ ಕರುಣವಿಪ್ರಲಂಭ, ಇಲ್ಲದಿದ್ದರೆ ಕರುಣವೇ. ಬಾಣನ ಕಾದಂಬರಿಯೇ ಅವನ ಉದಾಹರಣೆ. ನಾಗವರ್ಮನ ಕನ್ನಡದಿಂದ ಅದು ನಮಗೂ ಚಿರಪರಿಚಿತ. ಪುಂಡರೀಕನು ಸತ್ತಾಗ ಮಹಾಶ್ವೇತೆಯದು ಕರುಣ. ಆಕಾಶದ ವಾಣಿಯಾದ ಮೇಲೆ ಅದೇ ಶೃಂಗಾರ. ಗ್ರೀನನ ಕಥೆಯಲ್ಲಿ ಆಕಾಶವಾಣಿಯಿಲ್ಲ, ಇರಬೇಕೆಂದು ಹೇಜಲಳು ಬಯಸುವುದೂ ಇಲ್ಲ. ಆದುದರಿಂದ ಉತ್ತರಾರ್ಧವು ಶುದ್ಧ ಕರುಣವು.

ಇಷ್ಟರಿಂದಲೇ ವಿಚಾರವು ಮುಗಿಯದು. ಹೇಜಲಳು ಪರರ ಶೋಕಕ್ಕೆ ಆಲಂಬನಳಾಗಿರುವಾಗಲೇ ತಾನೂ ಶೋಕಕ್ಕೆ ಆಶ್ರಯಳು. ತನ್ನನ್ನು ಯಾವಾಗಲೋ ಸಿಡಿಯತಕ್ಕ ಗುಂಡೆಂದು ಭಾವಿಸಿ, ಹತ್ತಿರದವರಿಗೆ ಗಾಯವಾಗದಿರಲೆಂದು ಅನುರಾಗದಿಂದಲೇ ದೂರ ಸರಿಯುವಳು. ಹಿಂದೆ ತಾನು ಮರಣೋನ್ಮುಖಳಾಗಿದ್ದಾಗ, ಇನ್ನು ತಾನು ತಾಯಿಯಾಗಿರುವುದಿಲ್ಲವೆಂದು ತಾಯಿ ಅತ್ತುದು ಅವಳ ಕಿವಿಗೆ ಬಿದ್ದಿತ್ತು. ಆ ಮಾತೇ ಅವಳಿಗೆ ರೋಗಕ್ಕಿಂತ ದೊಡ್ಡ ಶಲ್ಯ. ತಾಯಿಯು ಗುಟ್ಟಾಗಿ ಸಮಾಜಸೇವೆಯ ವಿದ್ಯೆಯನ್ನು ಓದುತ್ತಿರುವಳೆಂದು, ಅಂದರೆ ತನ್ನ ಮರಣಾನಂತರವೂ ಅವಳಿಗೊಂದು ಬಾಳಿರುವುದೆಂದು, ತಿಳಿದಾಗ ಮಗಳಿಗಾಗುವ ಹರ್ಷವು ಇಡೀ ಗ್ರಂಥದಲ್ಲಿ ಉತ್ಕೃಷ್ಟವಾದ ಸ್ಥಳ. ಲೋಹಿತಾಶ್ವನು ಮಾತನಾಡಿದ್ದರೆ ಚಂದ್ರಮತಿಯನ್ನು ಕುರಿತು ಏನು ಹೇಳುತ್ತಿದ್ದನೋ!

ಹಾಸ್ಯವೂ ಕರುಣವೂ ಪರಸ್ಪರ ವಿರೋಧಿಗಳೆಂಬುದು ಶಾಸ್ತ್ರದ ನಿಯಮ. ಇಲ್ಲಿ ಅಗಸ್ಟಸನು ಸಾಯುವ ಮೊದಲೇ, ಕಣ್ಣುಗಳನ್ನು ಕಳೆದುಕೊಂಡ ಗೆಳೆಯ ಐಸಾಕನಿಂದಲೂ ಹೇಜಲಳಿಂದಲೂ ತನ್ನ ಚರಮಭಾಷಣವನ್ನು ಹೇಳಿಸಿ ಕೇಳುತ್ತಾನೆ. ಗೆಳೆಯನು ಪರಿಹಾಸದಿಂದಲೇ ಆರಂಭಿಸುವನು. ನಗು ನಿಲ್ಲುವುದರೊಳಗೆ ಗಂಟಲು ಕಟ್ಟುವುದು. ವಿರೋಧಿರಸವು ಅಂಗವಾಗಿ ಬಂದು ಅಂಗಿಯನ್ನು ಪೋಷಿಸಬಲ್ಲುದೆಂದು ಆನಂದವರ್ಧನನು ಹೇಳಿದುದಕ್ಕೆ ಇದು ಒಳ್ಳೆಯ ಲಕ್ಷ್ಯವು. ದೋಷಗಳೂ ಉಂಟು. ಈ ಕಿಶೋರರು ಪ್ರೌಢ ತಾರ್ಕಿಕರಂತೆ ಮಾತನಾಡುವುದು ಕ್ಷೇಮೇಂದ್ರನ ಔಚಿತ್ಯಕ್ಕೆ ಒಪ್ಪದು; ಆಮ್‌ಸ್ಟರ್‌ಡ್ಯಾಮಿನ ಆ ಗ್ರಂಥಕರ್ತನು ಅಂತ್ಯಸಂಸ್ಕಾರಕ್ಕೆ ಹಠಾತ್ತಾಗಿ ಬಂದು ನಿಲ್ಲುವುದು ಕೃತಕವು.

ಇಂತಹ ಗ್ರಂಥವನ್ನು ತರುಣರ ಕೈಗೆ ಕೊಡಬಹುದೇ? ಇಂಗ್ಲೆಂಡಿನಲ್ಲಿಯೂ 2013ರಲ್ಲಿ ಈ ಆಕ್ಷೇಪವೆದ್ದಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರಿಗೆ ಇದು ದೂರದ ಪ್ರಶ್ನೆಯಲ್ಲ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಈ ಊರುಗಳಿಗೆ ಬಸ್ಸಿನ ದಾರಿಯಷ್ಟೆ. ತಲೆಗೂದಲುದುರಿ ಅಲ್ಲಿಂದ ತರಗತಿಗೆ ಹಿಂದಿರುಗುವ ಹುಡುಗನೊಬ್ಬನು ಸಹಪಾಠಿಗಳಿಗೂ ಗುರುಗಳಿಗೂ ಬರಿಯ ಆಲಂಬನನಾಗುವನು. ಎಲ್ಲರೂ ಅವನಿಗಾಗಿ ಮರುಗುವರು, ಅವನನ್ನು ಮಾತನಾಡಿಸುವವರು ಕಡಮೆ. ಯಾವ ಪಾಪದ ಫಲವೋ ಎಂದು ಹಿರಿಯರು ಪಿಸುಗುಟ್ಟುವುದೂ ಉಂಟು. ಗ್ರಂಥದ ಹೆಸರು ಈ ಪಿಸುಮಾತಿಗೆ ಸಂಬಂಧಿಸಿದುದು. ಷೇಕ್ಸ್‌ಪಿಯರನ ಜೂಲಿಯಸ್ ಸೀಸರ್ ನಾಟಕದಲ್ಲಿ ಕ್ಯಾಸಿಯಸನು ದೋಷವನ್ನು ನಕ್ಷತ್ರಗಳಿಂದ ತೆಗೆದು ಮನುಷ್ಯರ ಮೇಲೆ ಹೊರಿಸುತ್ತಾನೆ; ಗ್ರೀನನು ಅದನ್ನು ತಿರುಗಿಸಿ, ರೋಗಿಯ ಮೇಲಿಂದ ತೆಗೆದು ನಕ್ಷತ್ರಗಳಿಗೇ ಹಿಂದಿರುಗಿಸಿದ್ದಾನೆ. ಹೆಸರನ್ನು ಕನ್ನಡಿಸುವುದಾದರೆ ‘ಗ್ರಹದೋಷ’ ಎಂಬ ಪದವು ಸುಲಭವಾಗಿ ಒದಗುವುದು. ಆದರೆ ನಮ್ಮಲ್ಲಿ ಅದನ್ನು ಕೇಳಿದೊಡನೆ ಶಾಂತಿಯ ಖರ್ಚು ಎಷ್ಟೆಂಬ ಯೋಚನೆಯೇ ಬರುವುದರಿಂದ, ‘ನಕ್ಷತ್ರಗಳ ತಪ್ಪು’ ಎಂದರೆ ಮೂಲದ ಭಾವಕ್ಕೆ ಹತ್ತಿರವಾಗುವುದು.