ಶೀತದೇಶಗಳಲ್ಲಿ ಪದರಪದರವಾಗಿ ಉಡುವ ಕ್ರಮ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರೂ, ಈಗೀಗ ಅವರ ಹೆಣ್ಣುಮಕ್ಕಳೂ, ಉಚ್ಚ ವ್ಯಾಸಂಗಕ್ಕಾಗಿಯೂ ದಾದಿಯರ ಉದ್ಯೋಗಕ್ಕಾಗಿಯೂ ಇಂಗ್ಲೆಂಡು, ಜರ್ಮನಿ, ಕೆನಡಾ ಮೊದಲಾದ ಶೀತದೇಶಗಳಿಗೆ ಹೋಗುತ್ತಿರುವರು. ಅಲ್ಲಿಯ ಕಾಲೇಜುಗಳು ಬಹುಮಟ್ಟಿಗೆ ಸೆಪ್ಟೆಂಬರ್ ಇಲ್ಲವೆ ಅಕ್ಟೋಬರ್ ತಿಂಗಳಲ್ಲಿ ಆರಂಭವಾಗುವುದರಿಂದ, ನಮ್ಮ ಹುಡುಗಿಯು ವಿಮಾನದಿಂದ ಇಳಿಯುವುದೇ ಎಲೆಯುದುರುವ ಕಾಲಕ್ಕೆ. ಅವಳು ಆ ಊರಿನ ಬೀದಿಗಳನ್ನು ಗುರುತುಹಿಡಿಯುವಷ್ಟರಲ್ಲಿ ಚಳಿಗಾಲವು ಬಂದು ನಿಲ್ಲುವುದು. ಹೊರಡುವ ಮೊದಲು ಮನೆಯಲ್ಲಿ ನಡೆಯುವ ಸಿದ್ಧತೆಯನ್ನು ನಾವೆಲ್ಲರೂ ಬಲ್ಲೆವು. ತಂದೆಯು ಪೇಟೆಗೆ ಹೋಗಿ, ಇದ್ದ ಕೋಟುಗಳಲ್ಲಿ ಅತಿ ದಪ್ಪನಾದುದನ್ನು ಅತಿ ಹೆಚ್ಚಿನ ಬೆಲೆ ಕೊಟ್ಟು ತರುವನು. ತಾಯಿಯು ಹತ್ತಿಯ ಒಳ ಉಡುಪುಗಳನ್ನು ಡಜನುಗಟ್ಟಲೆ ಪೆಟ್ಟಿಗೆಗೆ ತುಂಬುವಳು. ಎರಡೂ ಪ್ರೀತಿಯಿಂದ ಮಾಡಿದ ಕೆಲಸಗಳೇ. ಆದರೆ ಸಾಲಮಾಡಿ ಮಗಳನ್ನು ಕಳುಹಿಸುವ ಮನೆಯಲ್ಲಿ ಆ ಹಣವು ಇದಕ್ಕಿಂತ ಚೆನ್ನಾಗಿ ವೆಚ್ಚವಾಗಬಹುದಿತ್ತು ಎಂಬುದೇ ನಮ್ಮ ಅಭಿಪ್ರಾಯ.

ಬಟ್ಟೆಯು ತಾನಾಗಿ ಶಾಖವನ್ನು ಕೊಡುವುದಿಲ್ಲವೆಂಬುದನ್ನು ಮೊದಲು ನೆನಪಿಡತಕ್ಕದ್ದು. ಶಾಖವು ನಮ್ಮ ಶರೀರದ್ದೇ. ಅದು ಹೊರಗೆ ಓಡಿಹೋಗದಂತೆ ತಡೆಯುವುದಷ್ಟೇ ಉಡುಪಿನ ಕೆಲಸ. ಹೀಗೆ ತಡೆಯುವ ವಸ್ತುವು ವಾಸ್ತವವಾಗಿ ನೂಲಲ್ಲ, ನೂಲುಗಳ ಮಧ್ಯದಲ್ಲಿಯೂ ಬಟ್ಟೆ ಬಟ್ಟೆಗಳ ನಡುವೆಯೂ ಅಲುಗಾಡದೆ ನಿಂತಿರುವ ಗಾಳಿ. ಆದುದರಿಂದಲೇ ಒಂದು ದಪ್ಪ ಬಟ್ಟೆಗಿಂತ ಒಂದರ ಮೇಲೊಂದಾಗಿ ತೊಟ್ಟ ಮೂರು ತೆಳುವಾದ ಬಟ್ಟೆಗಳು ಅನೇಕ ವೇಳೆ ಹೆಚ್ಚು ಬೆಚ್ಚಗಿರುವುವು. ಹೊಲಿಗೆಯ ತರಗತಿಯಲ್ಲಿ ಹೆಣಿಗೆ ಕಲಿತವರಿಗೆ ಇದನ್ನು ವಿವರಿಸಬೇಕಾದುದಿಲ್ಲ: ಕಡ್ಡಿಯಿಂದ ಹೆಣೆದ ಬಟ್ಟೆಯಲ್ಲಿ ಕುಣಿಕೆ ಕುಣಿಕೆಗೂ ಗಾಳಿಗೆ ಎಡೆಯಿರುವುದು. ಆದರೆ ಒಂದು ನಿಯಮವುಂಟು. ಮೇಲೆ ಮೇಲೆ ಹೋದಂತೆ ಪ್ರತಿಯೊಂದು ಉಡುಪೂ ಒಳಗಿನದಕ್ಕಿಂತ ಸ್ವಲ್ಪ ಸಡಿಲವಾಗಿರಬೇಕು. ಬಿಗಿಯಾದ ಕೋಟಿನೊಳಗೆ ಎರಡು ಸ್ವೆಟರುಗಳನ್ನು ತುರುಕಿದರೆ ಒಳಗಿನ ಗಾಳಿಯು ಹಿಂಡಿಹೋಗಿ, ಭಾರವು ಹೆಚ್ಚುವುದೇ ಹೊರತು ಚಳಿಯು ತಗ್ಗದು.

ಕಾಶ್ಮೀರದ ಜನರು ಈ ಮರ್ಮವನ್ನು ಬಹುಕಾಲದಿಂದ ಅರಿತಿರುವರು. ಅವರ ಫೆರನ್ ಎಂಬ ನಿಲುವಂಗಿಯು ಅತಿ ಸಡಿಲವಾದುದು. ಉಣ್ಣೆಯ ಫೆರನಿನ ಒಳಗೆ ಅದೇ ಆಕಾರದ ತೆಳು ಹತ್ತಿಯ ಅಂಗಿಯೊಂದನ್ನು ತೊಡುವ ರೂಢಿಯುಂಟು. ಎವರೆಸ್ಟ್ ಶಿಖರದ ವೃತ್ತಾಂತವೂ ಇಲ್ಲಿ ಸ್ಮರಣೀಯವಾದುದು. 1924ರಲ್ಲಿ ಆ ಪರ್ವತದಲ್ಲಿ ಕಣ್ಮರೆಯಾದ ಜಾರ್ಜ್ ಮ್ಯಾಲರಿಯವರ ದೇಹವು 1999ರಲ್ಲಿ ದೊರೆತಾಗ, ಅವರು ರೇಷ್ಮೆ, ಹತ್ತಿ ಮತ್ತು ಉಣ್ಣೆಯ ಅನೇಕ ತೆಳು ಪದರಗಳನ್ನು ತೊಟ್ಟು, ಎಲ್ಲಕ್ಕೂ ಮೇಲೆ ಗಾಳಿತಡೆಯುವ ಗ್ಯಾಬರ್ಡೀನ್ ಬಟ್ಟೆಯನ್ನು ಧರಿಸಿದ್ದುದು ತಿಳಿದುಬಂದಿತು. ಅಂತಹುದೇ ಉಡುಪನ್ನು ಹೊಸದಾಗಿ ಮಾಡಿಸಿ 2006ರಲ್ಲಿ ಎವರೆಸ್ಟಿನಲ್ಲಿ ತೊಟ್ಟು ಪರೀಕ್ಷಿಸಲಾಗಿ, ಅದು ಹಗುರವಾಗಿಯೂ ಬೆಚ್ಚಗೂ ಇದ್ದಿತೆಂದು ಕಂಡುಬಂದಿತು.

ಇನ್ನು ಹತ್ತಿಯ ವಿಷಯ. ನಮ್ಮ ಸೆಕೆಯ ನಾಡಿನಲ್ಲಿ ಹತ್ತಿಗೆ ಸಮನಾದ ಬಟ್ಟೆಯಿಲ್ಲ, ಏಕೆಂದರೆ ಅದು ಬೆವರನ್ನು ಹೀರಿ ಒದ್ದೆಯಾಗಿಯೇ ಇದ್ದು ಮೈಯನ್ನು ತಂಪುಗೊಳಿಸುವುದು. ಇದೇ ಗುಣವು ಶೀತದೇಶದಲ್ಲಿ ದೋಷವಾಗುವುದು. ಬಸ್ಸನ್ನು ಹಿಡಿಯಲು ಓಡಿದ ಹುಡುಗಿಯ ಒಳ ಅಂಗಿಯು ಬೆವರಿನಿಂದ ನೆನೆದು, ಅವಳು ನಿಂತ ಕ್ಷಣದಲ್ಲಿಯೇ ತಣ್ಣಗಾಗಿ ಮೈಗೆ ಅಂಟುವುದು. ನೀರು ಗಾಳಿಗಿಂತ ಸುಮಾರು 25 ಪಾಲು ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ, ಮೇಲೆ ಎಷ್ಟು ದಪ್ಪ ಕೋಟಿದ್ದರೂ ಒಳಗೆ ನಡುಕ ತಪ್ಪದು. ಮೈಗೆ ತಗಲುವ ಪದರವು ಮೆರೀನೋ ಜಾತಿಯ ಕುರಿಯ ನಯವಾದ ಉಣ್ಣೆಯದಾಗಲಿ, ರೇಷ್ಮೆಯದಾಗಲಿ, ಬೆವರನ್ನು ಹೊರಗೆ ಸಾಗಿಸುವ ಕೃತಕ ನೂಲಿನದಾಗಲಿ ಇರುವುದು ಮೇಲು. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿದರೂ ಒದ್ದೆಯೆಂದು ತೋರದು. ಮಲೆನಾಡಿನ ರೈತನು ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುವುದು ಇದರಿಂದಲೇ. ಆದರೆ ನಮ್ಮ ಕಂಬಳಿಯ ಉಣ್ಣೆ ಬಹಳ ಒರಟು. ಅದನ್ನು ಮೈಗೆ ತಾಗಿಸಿ ತೊಡಿರೆಂದು ನಾವು ಯಾರಿಗೂ ಹೇಳೆವು!

ಮಧ್ಯದ ಪದರವು ಉಣ್ಣೆಯ ಸ್ವೆಟರ್. ಅತಿಯಾದ ಚಳಿಗೆ ಎರಡು. ಎಲ್ಲಕ್ಕೂ ಹೊರಗಿನದು ಗಾಳಿಯನ್ನೂ ಮಳೆಯನ್ನೂ ತಡೆಯತಕ್ಕದ್ದು. ಗಾಳಿಯ ಪ್ರಭಾವವನ್ನು ನಮ್ಮವರು ಎಣಿಸುವುದೇ ಇಲ್ಲ. ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ಕೆನಡಾದವರ ಲೆಕ್ಕದಂತೆ, ತೆರೆದ ಮುಖಕ್ಕೆ ಅದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಂತೆ ತಾಗುವುದು. ಬೆಂಗಳೂರಿನಲ್ಲಿ ದಾಖಲೆಯಾದ ಅತ್ಯಂತ ಕಡಿಮೆ ಉಷ್ಣತೆಯು 1884ರ ಜನವರಿಯ 7.8 ಡಿಗ್ರಿ, ಲಂಡನ್ನಿನ ಜನವರಿಯಲ್ಲಿ ಅದು ಸಾಮಾನ್ಯವಾದ ಮಧ್ಯಾಹ್ನ. ಅಂದಮೇಲೆ ಇಲ್ಲಿಯ ಅಂಗಡಿಯವನು "ಇದು ಚಳಿಗೆ ಬಹಳ ಒಳ್ಳೆಯದು" ಎಂದರೆ ಅವನ ಮಾತನ್ನು ಎಷ್ಟು ನಂಬಬೇಕೆಂಬುದನ್ನು ವಾಚಕರೇ ಊಹಿಸಲಿ. ಒಳ ಪದರಗಳನ್ನು ಇಲ್ಲಿಂದಲೇ ಕೊಂಡೊಯ್ಯಲಿ. ಮೇಲುಕೋಟನ್ನು ಅಲ್ಲಿಗೆ ಹೋದಮೇಲೆ ಕೊಳ್ಳಲಿ. ಧರ್ಮಾರ್ಥ ಸಂಸ್ಥೆಗಳು ನಡೆಸುವ ಹಳೆಯ ಬಟ್ಟೆಗಳ ಅಂಗಡಿಗಳಲ್ಲಿ ಒಳ್ಳೆಯ ಕೋಟುಗಳು ಅಲ್ಪ ಬೆಲೆಗೆ ದೊರೆಯುವುವು. ಅದರಲ್ಲಿ ನಾಚಿಕೆಪಡತಕ್ಕದ್ದು ಏನೂ ಇಲ್ಲ.

ಅಂದದ ಪ್ರಶ್ನೆಯು ಮನೆಯೊಳಗೆ ಬಂದಾಗಲೇ ಹುಟ್ಟುವುದು. ಅಲ್ಲಿಯ ಮನೆಗಳನ್ನೂ ತರಗತಿಗಳನ್ನೂ ಸುಮಾರು 20 ಡಿಗ್ರಿಗೆ ಕಾಯಿಸಿರುವುದರಿಂದ ಬಾಗಿಲು ದಾಟಿದೊಡನೆ ಕೋಟನ್ನು ಕಳಚಬೇಕು, ಅರ್ಧ ಗಂಟೆಯಲ್ಲಿ ಸ್ವೆಟರನ್ನೂ ಕಳಚಬೇಕಾದೀತು. ಒಳಗೆ ಹರಿದ ಅಂಗಿಯನ್ನು ತೊಟ್ಟು, ಮೇಲಿನ ಕೋಟಿಗೆ ಮಾತ್ರ ಹಣ ಸುರಿದವಳು ಇಡೀ ದಿನ ಬೆವರುತ್ತ ಕೋಟಿನಲ್ಲಿಯೇ ಕುಳಿತಿರಬೇಕಾಗುವುದು. ಆದುದರಿಂದ ಪ್ರತಿಯೊಂದು ಪದರವೂ ತಾನೊಂದೇ ಕಾಣಿಸಿಕೊಂಡರೂ ಒಪ್ಪುವಂತಿರಬೇಕು. ಕೊರಳು, ಮಣಿಕಟ್ಟು, ಅಂಚು, ಈ ಮೂರು ಸ್ಥಳಗಳಲ್ಲಿ ಒಳ ಪದರವು ಹೊರಗೆ ಇಣುಕುವುದು. ಅಲ್ಲಿ ಬಣ್ಣಗಳು ಹೊಂದಿದರೆ ಉಳಿದುದೆಲ್ಲ ತಾನಾಗಿ ಹೊಂದುವುದು. ಬೂದು, ಕಂದು, ಗಾಢನೀಲಿಗಳ ನಡುವೆ ಕುಂಕುಮದ ಬಣ್ಣದ ಇಲ್ಲವೆ ಸಾಸಿವೆಹೂವಿನ ಬಣ್ಣದ ಒಂದು ಕೊರಳುವಸ್ತ್ರವಿದ್ದರೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯನು ಮುಳುಗುವ ಲಂಡನ್ನಿನ ಬೀದಿಯಲ್ಲಿ ಅದೊಂದು ದೀಪದಂತೆ ತೋರುವುದು. ಚೆಲುವಾಗಿ ಕಾಣಬೇಕೆಂಬ ಆಸೆಯನ್ನು ಕೆಲವರು ಷೋಕಿಯೆಂದು ಜರೆಯುವರು. ಪರಸ್ಥಳದಲ್ಲಿ ಒಬ್ಬಳೇ ಇರುವ ಹುಡುಗಿಗೆ ಅದರಿಂದ ದೊರೆಯುವ ಧೈರ್ಯವನ್ನು ಅವರು ಅರಿಯರು.

ಸೀರೆಯನ್ನು ಬಿಡಬೇಕೇ ಎಂದು ತಾಯಂದಿರು ಕೇಳುವುದುಂಟು. ಬಿಡಬೇಕಾದುದಿಲ್ಲ. ನೆರಿಗೆಗಳೂ ಸೆರಗೂ ಕೂಡಿದ ಸೀರೆಯೇ ಪದರಗಳ ಉಡಿಗೆಯಲ್ಲವೇ? ಲಂಗದ ಒಳಗೆ ಕಣಕಾಲಿನವರೆಗೆ ಬರುವ ಬಿಗಿಯಾದ ಉಣ್ಣೆಯ ಚಲ್ಲಣವನ್ನು ತೊಟ್ಟು, ಕುಪ್ಪಸಕ್ಕೆ ಬದಲಾಗಿ ಕೊರಳು ಮುಚ್ಚುವ ತುಂಬುತೋಳಿನ ತೆಳು ಉಣ್ಣೆಯಂಗಿಯನ್ನು ಹಾಕಿ, ರೇಷ್ಮೆಯ ಸೀರೆಯನ್ನುಟ್ಟು, ಮೊಣಕಾಲಿನ ಕೆಳಗೆ ಇಳಿಯುವ ಕೋಟನ್ನು ಧರಿಸಿದರೆ ಸಮಾರಂಭಗಳಿಗೆ ಧಾರಾಳವಾಗಿ ಹೋಗಬಹುದು. ಸೆರಗು ಕೋಟಿನೊಳಗೇ ಇರಲಿ. ಶಾಲನ್ನು ಕೈಯಲ್ಲಿ ಒಯ್ದು ಒಳಗೆ ಹೋದಮೇಲೆ ಹೊದೆಯಲಿ. ಹಿಮವು ಕರಗಿ ಕೆಸರಾದ ದಿನ ಮಾತ್ರ ಸೀರೆಯು ಬೇಡ, ಅಂಚು ನೆನೆದು ಕಾಲಿಗೆ ಸುತ್ತಿಕೊಂಡೀತು.

ಕಾಲಿಗೆ ಉಣ್ಣೆಯ ಕಾಲುಚೀಲಗಳು, ಬೆರಳಾಡಿಸಲು ಎಡೆಯಿರುವ ಬೂಟು. ತಲೆಗೂ ಕೈಗೂ ಹೊದಿಕೆ. ಇಷ್ಟು ಸಾಕು. ಉಣ್ಣೆಯನ್ನು ದಿನವೂ ಒಗೆಯಬೇಕಾದುದಿಲ್ಲ, ರಾತ್ರಿಯಲ್ಲಿ ಗಾಳಿಗೆ ಹರಡಿದರೆ ವಾಸನೆಯು ಹೋಗುವುದು. ಒಗೆಯುವಾಗ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ, ಟವೆಲಿನಲ್ಲಿ ಸುತ್ತಿ ಒತ್ತಿ, ಸಮತಟ್ಟಾಗಿ ಹರಡಿ ಒಣಗಿಸತಕ್ಕದ್ದು. ತಂತಿಗೆ ನೇತುಹಾಕಿದರೆ ತೋಳುಗಳು ಮೊಣಕಾಲಿನವರೆಗೆ ಜಗ್ಗುವುವು. ರಜೆಗೆ ಊರಿಗೆ ಬಂದಾಗ ಅವುಗಳನ್ನು ಚೆನ್ನಾಗಿ ತೊಳೆದು, ಪೂರ್ಣ ಒಣಗಿಸಿ, ಬಿಗಿಯಾದ ಮುಚ್ಚಳದ ಪೆಟ್ಟಿಗೆಯಲ್ಲಿ ಇಟ್ಟರೆ, ನುಸಿಯ ಕಾಟವಿಲ್ಲದೆ ತಂಗಿಯ ಸರದಿ ಬರುವವರೆಗೂ ಉಳಿಯುವುವು.