ಡಾಕ್ಟರಿಗೆ ನಿಮ್ಮ ಮನೆಮಾತು ತಿಳಿಸಿ



ಮಿದುಳಿನಲ್ಲಿ ಗೆಡ್ಡೆ ಎಂದ ಕೂಡಲೇ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಆದರೆ ಅದು ಎಲ್ಲಿದೆ, ಎಷ್ಟು ದೊಡ್ಡದು ಎಂದು ತಲೆ ತೆರೆಯದೆಯೇ ನೋಡಬಹುದು. 1971ರಲ್ಲಿ ಲಂಡನ್ನಿನಲ್ಲಿ ರೋಗಿಯೊಬ್ಬರಿಗೆ ಮೊದಲ ಸಿ.ಟಿ. ಸ್ಕ್ಯಾನ್ ಮಾಡಿದ್ದೇ ಇಂಥ ಗೆಡ್ಡೆಯ ಅನುಮಾನದಿಂದ. ಎಂ.ಆರ್.ಐ. ಇನ್ನೂ ಸ್ಪಷ್ಟವಾದ ಚಿತ್ರ ಕೊಡುತ್ತದೆ. ಫಂಕ್ಷನಲ್ ಎಂ.ಆರ್.ಐ.ನಲ್ಲಿ, ಮಾತಿನ ಕೆಲಸ ನಡೆಯುವಾಗ ಮಿದುಳಿನ ಯಾವ ಭಾಗ ಚುರುಕಾಗುತ್ತದೆ ಎಂಬುದೂ ತಿಳಿಯುತ್ತದೆ.

ಗೆಡ್ಡೆ ಮಾತಿನ ಭಾಗದ ಪಕ್ಕದಲ್ಲೇ ಇದ್ದರೆ? ಆಗ ಕೆಲವರಿಗೆ ಎಚ್ಚರವಿರುವಾಗಲೇ ಆಪರೇಷನ್ ಮಾಡುತ್ತಾರೆ. ಗಾಬರಿಯಾಗಬೇಡಿ. ಮಿದುಳಿಗೆ ಸ್ವತಃ ನೋವು ತಿಳಿಯದು. ನೆತ್ತಿಯ ಚರ್ಮಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ಸರ್ಜನ್ ಮಿದುಳಿನ ಒಂದೊಂದು ಜಾಗಕ್ಕೂ ಅತಿ ಸಣ್ಣ ವಿದ್ಯುತ್ ತಾಗಿಸುತ್ತಾರೆ. ಅದೇ ಹೊತ್ತಿಗೆ ರೋಗಿ ಚಿತ್ರಗಳನ್ನು ನೋಡಿ ಹೆಸರು ಹೇಳಬೇಕು. ಎಲ್ಲಿ ಮಾತು ತಡವರಿಸಿತೋ ಆ ಜಾಗವನ್ನು ಉಳಿಸಲು ನೋಡುತ್ತಾರೆ.

ನಮಗೆ ಮುಖ್ಯವಾದ ಸಂಗತಿ ಇಲ್ಲಿದೆ. ಎರಡು ಭಾಷೆ ಬಲ್ಲವರಲ್ಲಿ ಕೆಲವು ಜಾಗಗಳು ಒಂದೇ ಭಾಷೆಗೆ ಸಂಬಂಧಿಸಿರಬಹುದು ಎಂದು 1978ರಲ್ಲೇ ಅಮೆರಿಕದ ಒಜಮನ್ ಮತ್ತು ವಿಟೇಕರ್ ತೋರಿಸಿದರು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಮಾತ್ರ ಪರೀಕ್ಷಿಸಿದರೆ ಕನ್ನಡದ ಜಾಗ ಕಣ್ತಪ್ಪಬಹುದು.

ಆದ್ದರಿಂದ ನಿಮ್ಮವರಿಗೆ ಇಂಥ ಆಪರೇಷನ್ ಆಗಬೇಕಿದ್ದರೆ, "ನಮ್ಮ ಮನೆಮಾತು ಕನ್ನಡ" ಎಂದು ಮೊದಲೇ ಹೇಳಿ. ಪರೀಕ್ಷೆಯನ್ನು ಕನ್ನಡದಲ್ಲೂ ಮಾಡಲಾದೀತೇ ಎಂದು ಕೇಳಿ. ಊರು ಯಾವುದೇ ಇರಲಿ, ಚೇತರಿಸಿಕೊಂಡ ಮೇಲೆ ಮನೆಯವರೊಡನೆ ಆಡಬೇಕಾದ್ದು ಆ ಮಾತನ್ನೇ ಅಲ್ಲವೇ?